ಮಲಗಿದ ಕಾಲಿನ ಅಳತೆ

ಮಧ್ಯಾಹ್ನದ ಊಟ ಮುಗಿದಿತ್ತು. ಮುದ್ದೇಗೌಡರು ಜಗಲಿಯ ಚಾಪೆಯ ಮೇಲೆ ಮಲಗಿ ನಿದ್ದೆ ಹೋಗಿದ್ದರು. ಅವರ ಹೆಂಡತಿ ಜಲಜಾಕ್ಷಿ ಕಾಲ ಬಳಿ ಕೂತು, ನೆನೆಸಿದ ಬಾಳೆನಾರೊಂದನ್ನು ಹಿಮ್ಮಡಿಯಿಂದ ಬೆರಳ ತುದಿಯವರೆಗೆ ಹಿಡಿದಳು. ಅಲ್ಲೊಂದು ಗಂಟು ಹಾಕಿದಳು. ಇನ್ನೊಂದು ನಾರನ್ನು ಪಾದದ ಸುತ್ತ ತಂದು ಅದಕ್ಕೂ ಗಂಟು ಹಾಕಿದಳು. ಗೌಡರು ಮಗ್ಗುಲು ಬದಲಿಸಿದರು. ಅವಳು ನಾರನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ನೆಲ ಒರೆಸುವವಳಂತೆ ಬಗ್ಗಿದಳು. ಅವರ ಉಸಿರು ಮತ್ತೆ ನಿಧಾನವಾದ ಮೇಲೆ ಎದ್ದು ಒಳಗೆ ಹೋದಳು.

ನಾನು ಒಂದು ಬೂಟು, ಬಲಗಾಲಿನದು. ಎಡಗಾಲಿನವನು ನನ್ನ ಜೊತೆಗಾರ. ಅವನಿಗೆ ಮಾತು ಕಡಿಮೆ. ನಮ್ಮಿಬ್ಬರ ಹುಟ್ಟು ಆ ಗಂಟುಗಳಲ್ಲಿ ಆಯಿತು. ಜಲಜ ನಮ್ಮನ್ನು ಒರೆಸುವಾಗಲೆಲ್ಲ ತನ್ನಷ್ಟಕ್ಕೆ ತಾನೇ ಮಾತಾಡಿಕೊಳ್ಳುತ್ತಿದ್ದಳು. ಹುಟ್ಟುವ ಮೊದಲಿನ ಕಥೆಯನ್ನೂ ನಾನು ಹಾಗೆಯೇ ಕೇಳಿ ತಿಳಿದದ್ದು.

ಆ ಕಾಲದಲ್ಲಿ ಶಿಕಾರಿಗೆ ತಡೆ ಇರಲಿಲ್ಲ. ಕಾಫಿ ಕುಯ್ಲು ಮುಗಿದರೆ ಸಾಕು, ಊರ ಗಂಡಸರು ಕೋವಿ ಹೆಗಲಿಗೇರಿಸಿ ತೋಟದ ಮೇಲಿನ ಕಡವೆಕಲ್ಲು ಗುಡ್ಡ ಹತ್ತುತ್ತಿದ್ದರು. ಅಲ್ಲಿ ಗವಿಯಲ್ಲಿ ಮಲಗಿ, ಕಣಿವೆಯ ಶೋಲೆ ಕಾಡು ನುಗ್ಗಿ, ಹಂದಿ ಹೊಡೆದುಕೊಂಡು ಇಳಿಯುತ್ತಿದ್ದರು. ಗೌಡರಿಗೆ ಶಿಕಾರಿಯ ಹುಚ್ಚು. ಆದರೆ ಅವರ ಪಾದ ಸುಲಭದ್ದಲ್ಲ. ಹಿಮ್ಮಡಿ ಸಣ್ಣದು, ಮುಂಗಾಲು ಅಗಲ, ಹೆಬ್ಬೆರಳಿಗಿಂತ ಪಕ್ಕದ ಬೆರಳು ಉದ್ದ. ಪೇಟೆಯ ಬೂಟು ಮುಂದೆ ಸರಿಯಾದರೆ ಹಿಂದೆ ಸಡಿಲ. ಏರುವಾಗ ಹಿಮ್ಮಡಿ ಸುಲಿಯುತ್ತಿತ್ತು. ಮಿಲಿಟರಿಯಿಂದ ಬಂದ ನೆಂಟರೊಬ್ಬರು ಕೊಟ್ಟ ಬೂಟು ಇಳಿಯುವಾಗ ಒತ್ತಿ ಒತ್ತಿ ಉಗುರು ಕಪ್ಪಾಯಿತು. ರಬ್ಬರಿನದು ಇಬ್ಬನಿ ಬಿದ್ದ ಹುಲ್ಲಿನ ಮೇಲೆ ಜಾರಿತು. ಬರಿಗಾಲಿಗೆ ಮುಳ್ಳು, ಶೋಲೆಯ ಒದ್ದೆ ನೆಲದಲ್ಲಿ ಬೇಸಿಗೆಯಲ್ಲೂ ರಕ್ತ ಹೀರುವ ಉಂಬಳ. ಪ್ರತಿ ಸಲ ಅವರು ಕುಂಟುತ್ತ ಬರುವುದು, ಜಲಜ ಅರಿಸಿನ ಎಣ್ಣೆ ಕಾಯಿಸುವುದು.

ಜಲಜ ಕಡೂರಿನ ಕಡೆಯ ಬಯಲು ಊರಿನವಳು. ಐದನೆಯ ಕ್ಲಾಸಿಗೆ ಶಾಲೆ ಬಿಟ್ಟವಳು. ಮದುವೆಯಾಗಿ ಬಂದ ಹೊಸದರಲ್ಲಿ ಆ ಗುಡ್ಡವನ್ನು ನೋಡಿದಷ್ಟೂ ಸಾಲದು ಅವಳಿಗೆ. ಮೇಲೆ ಏನಿದೆ ಎಂದು ಒಮ್ಮೆ ಗೌಡರನ್ನು ಕೇಳಿದಳು. ಗುಡ್ಡ ಇದೆ ಎಂದರು ಅವರು. ಶಿಕಾರಿಗೆ ಹೊರಟವರ ಎದುರಿಗೆ ಹೆಂಗಸರು ಬರಬಾರದೆಂಬ ಕಟ್ಟಳೆ ಆ ಊರಿನಲ್ಲಿತ್ತು. ಗಂಡಸರು ತೋಟದ ಬೇಲಿಯ ಉಣುಗೋಲು ದಾಟುವವರೆಗೆ ಅವಳು ಅಡುಗೆ ಮನೆಯಲ್ಲೇ ನಿಲ್ಲಬೇಕು. ಗಂಡ ಹೋಗುವುದನ್ನೂ ಕಂಡವಳಲ್ಲ. ತಾನಂತೂ ಹೋಗುವ ಹಾಗಿಲ್ಲ, ತಾನು ಮಾಡಿಸಿದ್ದಾದರೂ ಅವರ ಕಾಲಲ್ಲಿ ಹೋಗಲಿ ಎಂದು ಅವಳಿಗೆ ಆಸೆ. ನಾನು ಹುಟ್ಟಿದ್ದು ಆ ಆಸೆಗೆ.

ಗೌರಿ ಹಬ್ಬಕ್ಕೆ ತವರಿಗೆ ಹೋದಾಗ ಅವಳು ನಾರನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಹೋದಳು. ಅಲ್ಲಿ ಬೂಟು ಹೊಲಿಯುವ ಇಮಾಮ್ ಸಾಬರು ನಾರನ್ನು ಮೊಣಕಾಲ ಮೇಲೆ ಹಾಸಿ ನೋಡಿದರು.

"ನಿಂತ ಕಾಲಿಂದಾ ತಾಯಿ ಇದು, ಕೂತ ಕಾಲಿಂದಾ?"

ಮಲಗಿದ ಕಾಲಿನದು ಎಂದು ಹೇಗೆ ಹೇಳುವುದು? ಗಂಡ ನಿದ್ದೆಯಲ್ಲಿದ್ದಾಗ ಕಾಲು ಅಳೆದಳು ಎಂದರೆ ಊರೇ ನಗುತ್ತದೆ. ಅವಳ ಮುಖ ಕೆಂಪಾಯಿತು.

"ನಿಂತ ಕಾಲಿಂದು," ಎಂದಳು.

ಸಾಬರು ಅವಳನ್ನು ನಂಬಿದರು. ಎಮ್ಮೆಯ ತೊಗಲು ನೆನೆಸಿ, ಮರದ ಅಚ್ಚಿನ ಮೇಲೆ ಎಳೆದು, ಮೇಣ ಹಚ್ಚಿದ ದಾರದಿಂದ ಹೊಲಿದರು. ಜಾರದಿರಲೆಂದು ಅಟ್ಟೆಗೆ ಗುಂಡುತಲೆಯ ಮೊಳೆ ಹೊಡೆದರು. ಜಲಜ ನಮ್ಮನ್ನು ಹಳೆಯ ಸೀರೆಯಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದಳು.

ಗೌಡರು ನಮ್ಮನ್ನು ಹಾಕಿಕೊಂಡು ಎದ್ದು ನಿಂತ ಕ್ಷಣವೇ ನನಗೆ ತಿಳಿಯಿತು. ಅವರ ಉದ್ದ ಬೆರಳು ನನ್ನ ಮೂತಿಗೆ ಬಂದು ಮಡಚಿಕೊಂಡಿತು. ಮುಂಗಾಲು ಬಿಗಿಯಿತು. ನಾನು ಇನ್ನಷ್ಟು ಹಿಗ್ಗಲು ನೋಡಿದೆ. ಹೊಸ ತೊಗಲು, ಆಗಲಿಲ್ಲ. ಜಲಜ ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ಗೌಡರು ಜಗಲಿಯ ಆ ತುದಿಯಿಂದ ಈ ತುದಿಗೆ ನಡೆದು ಬಂದರು.

"ಸರಿಯಾಗಿದೆ," ಎಂದರು.

ಮೊದಲ ಶಿಕಾರಿಯ ದಿನ ಹಳ್ಳದವರೆಗೆ ಹೇಗೋ ನಡೆದರು. ತೋಟದಿಂದ ನಾವು ಕಾಣದಷ್ಟು ದೂರ ಬಂದ ಮೇಲೆ ಕಲ್ಲಿನ ಮೇಲೆ ಕೂತು ನಮ್ಮನ್ನು ಬಿಚ್ಚಿದರು. ಕೂಗು ಹಾಕಿ ಹಂದಿ ಎಬ್ಬಿಸುತ್ತ ಕಾಡು ಸೋವುವವರಿಗೆಲ್ಲ ಮುಂದಾಳಾದ ದ್ಯಾವಣ್ಣ ಪಕ್ಕದಲ್ಲೇ ಎಲೆಯಡಿಕೆ ಹಾಕುತ್ತಿದ್ದ. ಗೌಡರ ಕಾಲು ನೋಡಿ ನಕ್ಕ.

"ಹೆಂಡ್ತಿ ಕೊಟ್ಟಿದ್ದು ಅಂತ ಕಾಲ್ನ ಕೊಂದ್ಕಬೇಕಾ ಅಯ್ಯಾ? ಹೆಗಲಿಗೆ ನೇತಾಕ್ಕಳಿ. ಮರ್ವಾದೆನೂ ಉಳೀತದೆ, ಬೆರಳೂ ಉಳೀತದೆ."

"ನೀನೇ ಹಾಕ್ಕ ಮಾರಾಯ. ಬರ್ತಾ ಇಲ್ಲೇ ಕೊಡು. ಮನೇಲಿ ಮಾತ್ರ ಬಾಯಿ ಬಿಡಬೇಡ, ಅವಳು ಬೇಜಾರು ಮಾಡ್ಕತಾಳೆ."

ದ್ಯಾವಣ್ಣ ಹಳ್ಳದಲ್ಲಿ ಕಾಲು ತೊಳೆದು, ಪಂಚೆಯ ತುದಿಯಲ್ಲಿ ಒರೆಸಿಕೊಂಡು, ನಮ್ಮೊಳಗೆ ಕಾಲಿಟ್ಟ. ಅದುವರೆಗೆ ಬೂಟು ಎಂದರೇನೆಂದು ಅರಿಯದ ಕಾಲು ಅದು. ಅದುವರೆಗೆ ಕಾಲು ಎಂದರೇನೆಂದು ನಾನೂ ಅರಿತಿರಲಿಲ್ಲ. ಎಲ್ಲಿಯೂ ಒತ್ತಲಿಲ್ಲ, ಎಲ್ಲಿಯೂ ಜಾರಲಿಲ್ಲ. ಹುಲ್ಲು ಬೆಳೆದ ಗುಡ್ಡದ ಬೆನ್ನು ಏರಿದೆವು, ಶೋಲೆಯ ಕತ್ತಲಿಗೆ ಇಳಿದೆವು. ಕೊಳೆತ ಎಲೆ, ಹಂದಿ ಉರುಳಾಡಿದ ಕೆಸರು, ಬಂಡೆಯ ಮೇಲಿನ ಬಿಸಿಲು, ಒಂದೊಂದೂ ನನ್ನ ಅಟ್ಟೆಯ ಕೆಳಗೆ ಬಂದು ಹೋಯಿತು. ಗೌಡರು ಕೋವಿ ಹಿಡಿದು, ಹಂದಿ ಬರುವ ದಾರಿ ಕಾಯುತ್ತ ಬಿಲ್ಲಿಗೆ ಕೂತಲ್ಲಿ ಬರಿಗಾಲಿನಲ್ಲಿ ಉಂಬಳ ಕೀಳುತ್ತಿದ್ದರು. ಸಂಜೆ ಅದೇ ಹಳ್ಳದಲ್ಲಿ ಅವರ ಊದಿದ ಪಾದ ಮತ್ತೆ ನನ್ನೊಳಗೆ ಬಂತು. ಮನೆಯಲ್ಲಿ ಜಲಜ ಬಿಸಿನೀರು ಇಟ್ಟು ಕಾಯುತ್ತಿದ್ದಳು.

ಒಂದು ಬೇಸಿಗೆಯೆಲ್ಲ ಹೀಗೇ ನಡೆಯಿತು.

ಜಲಜ ಬೇರೆಯವರೆದುರು ಮಾತು ಕಡಿಮೆ ಆಡುವವಳು, ನೋಡುವುದು ಹೆಚ್ಚು. ಒಂದು ದಿನ ನಮ್ಮ ಕೆಸರು ತೆಗೆದು, ಒಳಗೆ ಬಟ್ಟೆ ಹಾಕಿ ಒರೆಸುವಾಗ ಅವಳ ಬೆರಳು ನಿಂತಿತು. ಬೂಟು ಪಳಗಿದಂತೆ ಒಳಗೆ ಬೆರಳುಗಳ ಗುಳಿ ಬೀಳುತ್ತದೆ. ಅವಳು ಒಂದೊಂದನ್ನೇ ಮುಟ್ಟಿ ನೋಡಿದಳು. ಹೆಬ್ಬೆರಳ ಗುಳಿಯೇ ಎಲ್ಲಕ್ಕಿಂತ ಮುಂದಿತ್ತು. ಪಕ್ಕದ ಬೆರಳಿನದು ಅದಕ್ಕಿಂತ ಹಿಂದೆ.

ಅವಳ ಕೈ ನನ್ನೊಳಗೆ ತಣ್ಣಗಾದದ್ದು ನನಗೆ ಗೊತ್ತು. ನಾನು ಕೊಟ್ಟಿದ್ದು ಯಾರ ಕಾಲಿಗೋ ಹೋಗ್ತಾ ಐತೆ ಎಂದು ಮೆಲ್ಲಗೆ ಅಂದುಕೊಂಡಳು. ನಿನ್ನ ಮನಸ್ಸು ನೋಯದಿರಲೆಂದೇ ಹೀಗಾಯಿತು ಎಂದು ಹೇಳಲು ನನಗೆ ನಾಲಗೆ ಇರಲಿಲ್ಲ. ನನಗಿರುವ ನಾಲಗೆ ದಾರದ ಕೆಳಗಿನ ತೊಗಲಿನದು, ಅದು ಮಾತಾಡುವುದಿಲ್ಲ. ಅವಳು ಗಂಡನನ್ನು ಏನೂ ಕೇಳಲಿಲ್ಲ. ಕೆಲವು ದಿನ ನಮ್ಮನ್ನು ಒರೆಸಲೂ ಇಲ್ಲ.

ಆಮೇಲೆ ಒಂದು ಬೆಳಿಗ್ಗೆ ಗೌಡರು ಸ್ನಾನ ಮಾಡಿ ಬಚ್ಚಲಿನಿಂದ ಜಗಲಿಗೆ ಬಂದರು. ಕೆಂಪು ಗಾರೆಯ ಮೇಲೆ ಅವರ ಒದ್ದೆ ಹೆಜ್ಜೆ ಮೂಡಿತು. ಜಲಜ ಅದನ್ನೇ ನೋಡುತ್ತ ನಿಂತಳು. ಓಡಿ ಹೋಗಿ ಪೆಟ್ಟಿಗೆಯಿಂದ ಒಣಗಿದ ನಾರು ತಂದು ಹೆಜ್ಜೆಯ ಮೇಲೆ ಹಿಡಿದಳು. ಹೆಜ್ಜೆ ನಾರಿಗಿಂತ ಉದ್ದವಾಗಿತ್ತು. ನಿಂತಾಗ ಪಾದ ಮೈ ಭಾರಕ್ಕೆ ಹರಡುತ್ತದೆ. ಮಲಗಿದಾಗ ಮಗುವಿನ ಪಾದದಂತೆ ಕುಗ್ಗಿರುತ್ತದೆ. ಸಾಬರು ಕೇಳಿದ ಪ್ರಶ್ನೆ ಅವಳಿಗೆ ಆಗ ಅರ್ಥವಾಯಿತು. ಹೆಜ್ಜೆ ಆರಿ ಹೋಗುವವರೆಗೂ ಅಲ್ಲೇ ಕುಕ್ಕರುಗಾಲಿನಲ್ಲಿ ಕೂತಿದ್ದಳು.

ಮಳೆಗಾಲ ಶಿಕಾರಿ ಇಲ್ಲದ ಕಾಲ. ಅವಳು ನಮ್ಮೊಳಗೆ ಒದ್ದೆ ಬಟ್ಟೆ ಹಾಸಿ, ಹುರುಳಿ ತುಂಬಿ, ನೀರು ಹೊಯ್ದು, ಬಾಯಿಯನ್ನು ದಾರದಿಂದ ಬಿಗಿದು ಇಟ್ಟಳು. ಹುರುಳಿ ನೆನೆದು ಉಬ್ಬಿತು. ನನ್ನ ಹೊಲಿಗೆಗಳು ನರಳಿದವು. ಉಬ್ಬಿದ ಹುರುಳಿಯನ್ನು ದನಕ್ಕೆ ಹಾಕಿ, ನಮ್ಮನ್ನು ಒಲೆಯಿಂದ ದೂರ ನೆರಳಿನಲ್ಲಿ ಆರಿಸಿ, ಎಣ್ಣೆ ತಿಕ್ಕಿ, ಮತ್ತೆ ತುಂಬಿದಳು. ಅವಳ ಅತ್ತೆ ಅದನ್ನು ಕಂಡರು.

"ಈ ಮನೇಲಿ ಬೇರೆ ಯಾರಿಗಾದ್ರೂ ಹೊಟ್ಟೆ ಉಬ್ಬಬೇಕಾಗಿತ್ತು ಕಣೆ. ಬೂಟಿಗೆ ಉಬ್ತಾ ಐತೆ."

ಜಲಜ ತಲೆ ತಗ್ಗಿಸಿ ದಾರ ಬಿಗಿದಳು. ನನ್ನೊಳಗೆ ದ್ಯಾವಣ್ಣನ ಗುಳಿಗಳು ಒಂದೊಂದಾಗಿ ಅಳಿಸಿ ಹೋಗುತ್ತಿದ್ದವು. ಅವಳ ಕೈ ನನ್ನ ಮೇಲೆ ಆಡುವಾಗ ಹಿತವಾಗುತ್ತಿತ್ತು. ಆ ಕಾಲನ್ನು ನೆನೆದಾಗ ಸಂಕಟವಾಗುತ್ತಿತ್ತು.

ಮುಂದಿನ ಕುಯ್ಲು ಮುಗಿದ ಮೇಲೆ ಗೌಡರು ನಮ್ಮನ್ನು ಹಾಕಿಕೊಂಡರು. ಎದ್ದರು. ಒಮ್ಮೆ ಕೆಳಗೆ ನೋಡಿಕೊಂಡರು. ಹಳ್ಳದ ಬಳಿ ದ್ಯಾವಣ್ಣ ಆಗಲೇ ಕಾಲು ತೊಳೆದು ಕಲ್ಲಿನ ಮೇಲೆ ಕೂತಿದ್ದ.

"ಇವತ್ತು ಬಿಚ್ಚಲ್ವಾ ಅಯ್ಯಾ?"

"ನೋಯ್ತಿಲ್ಲ ಕಣೋ."

"ಹಂಗಾರೆ ಉಂಬಳಗಳಿಗೆ ಹಬ್ಬ," ಎಂದು ಅವನು ನಕ್ಕು ಎದ್ದ. ಆ ದಿನವೆಲ್ಲ ಅವನ ಬಿರುಕುಬಿಟ್ಟ ಹಿಮ್ಮಡಿ ನನ್ನ ಮುಂದೆ ಮುಂದೆ ಗುಡ್ಡ ಏರುತ್ತ ಹೋಯಿತು. ಎಷ್ಟೋ ವರ್ಷ ಹಾಗೇ ಹೋಯಿತು. ಕೊನೆಗೆ ಅವನು ಬೇರೆ ತೋಟಕ್ಕೆ ಕೆಲಸಕ್ಕೆ ಹೋದನೆಂದು ಕೇಳಿದೆ. ಯಾವುದಾದರೂ ಕಾಲು ಜಗಲಿ ಹತ್ತಿದರೆ ಈಗಲೂ ಅವನೇನೋ ಎಂದು ನೋಡುತ್ತೇನೆ.

ಗೌಡರು ನಮ್ಮನ್ನು ಬಿಚ್ಚದೆ ನಡೆದ ಆ ಮೊದಲ ದಿನದ ಸಂಜೆ ಜಲಜ ದಾರ ಬಿಚ್ಚಿ ಗಂಡನ ಪಾದ ನೋಡಿದಳು. ಸುಲಿದಿರಲಿಲ್ಲ.

"ಬೂಟು ಹದಕ್ಕೆ ಬಂದಿದೆ," ಎಂದರು ಗೌಡರು.

"ಮೊದ್ಲೂ ಸರಿಯಾಗಿತ್ತಲ್ಲ?"

ಗೌಡರು ಪಾದವನ್ನು ಹಿಂದಕ್ಕೆ ಎಳೆದುಕೊಂಡರು. "ಸರಿಯಾಗಿತ್ತು."

ಅವಳು ಇನ್ನೂ ಕಾದಳು. ಈಗಲಾದರೂ ಮೇಲಿನ ಸುದ್ದಿ ಒಂದಿಷ್ಟು ಹೇಳಿಯಾರೆಂದು ಬಿಸಿನೀರು ತಣಿಯುವವರೆಗೆ ಕಾದಳು. ಗೌಡರು ಕೋವಿ ಒರೆಸಲು ಎದ್ದು ಹೋದರು. ಜಲಜ ನನ್ನ ದಾರಕ್ಕೆ ಅಂಟಿದ್ದ ಹುಲ್ಲಿನ ಬೀಜಗಳನ್ನು ಬಿಡಿಸಿ ಅಂಗೈಯಲ್ಲಿ ಇಟ್ಟುಕೊಂಡು ಮೂಸಿದಳು. ಅವಳ ಪಾಲಿಗೆ ಬಂದ ಗುಡ್ಡ ಅಷ್ಟು. ಮುಂದೆಯೂ ಪ್ರತಿ ಶಿಕಾರಿಗೆ ಅಷ್ಟೇ ಬಂತು.

ಕಾನೂನು ಬಂದು ಶಿಕಾರಿ ನಿಂತಿತು. ಅತ್ತೆ ತೀರಿಕೊಂಡರು. ಮಕ್ಕಳು ಹುಟ್ಟಿ ಬೆಳೆದರು. ಗೌಡರ ಮಂಡಿ ಹಿಡಿದುಕೊಂಡಿತು, ಕೈಗೆ ಕೋಲು ಬಂತು. ನಾವು ಜಗಲಿಯ ಬೆಂಚಿನ ಕೆಳಗೆ ಸೇರಿದೆವು. ನನ್ನ ಮೊಳೆಗಳು ಉದುರಿವೆ, ಮೂತಿ ಬಿರಿದಿದೆ. ಇಲ್ಲಿ ಕೂತು ಯೋಚಿಸುತ್ತೇನೆ. ಒಂದು ಕಾಲು ನನಗೆ ತಾನಾಗಿ ಹೊಂದಿತು, ಅದು ನನ್ನದಾಗಲಿಲ್ಲ. ಇನ್ನೊಂದಕ್ಕೆ ನನ್ನನ್ನು ಎಳೆದೆಳೆದು ಹೊಂದಿಸಿದರು, ಅದರ ಜೊತೆ ಬಾಳು ಸವೆಯಿತು. ನನ್ನನ್ನು ಮಾಡಿಸಿದವಳ ಕಾಲನ್ನು ಮಾತ್ರ ನಾನು ಒಮ್ಮೆಯೂ ಕಂಡಿರಲಿಲ್ಲ.

ಮೊನ್ನೆ ಅವಳು ಬಂದು ನಮ್ಮ ಧೂಳು ಒರೆಸಿದಳು. ಮೂತಿಗೆ ಹಳೆಯ ಬಟ್ಟೆ ತುರುಕಿ, ಗೋಡೆ ಹಿಡಿದುಕೊಂಡು, ಒಂದೊಂದೇ ಕಾಲನ್ನು ಒಳಗೆ ಇಟ್ಟಳು. ಸಣ್ಣ ಪಾದ, ಬೆಚ್ಚಗಿತ್ತು. ಕೂದಲು ನರೆತವಳು, ಹೊಸ ಹುಡುಗಿಯ ಹಾಗೆ ನಾಚಿಕೊಂಡು ನಡೆಯುತ್ತ ಗೌಡರ ಕುರ್ಚಿಯ ಎದುರಿಗೆ ಬಂದು ನಿಂತಳು. ಗೌಡರು ನಮ್ಮನ್ನು ನೋಡಿದರು. ಆಮೇಲೆ ತೋಟದ ಮೇಲಿನ ಗುಡ್ಡ ನೋಡಿದರು.

"ನನ್ನನ್ನೂ ಒಂದ್ಸಲ ಅಲ್ಲಿಗೆ ಕರ್ಕೊಂಡು ಹೋಗಿ," ಎಂದಳು ಜಲಜ.

ಗೌಡರ ಬರಿಗಾಲಿನ ಬೆರಳುಗಳು ನೆಲವನ್ನು ಒತ್ತಿ ಹಿಡಿದದ್ದು ನನಗೆ ಕಾಣಿಸಿತು. ಅವರ ಕೈ ಪಕ್ಕದಲ್ಲಿದ್ದ ಕೋಲನ್ನು ಹುಡುಕಿತು. ಅವಳು ಅಲ್ಲೇ ನಿಂತಿದ್ದಳು.