ಮೈಗೂ ಬಟ್ಟೆಗೂ ಒಂದೇ ಟೇಪು

ದರ್ಜಿಗೆ ತನ್ನ ಕತ್ತರಿಯ ಮೇಲೆ ಎಷ್ಟು ಜಂಬವೋ, ಕೊರಳಲ್ಲಿ ಸದಾ ನೇತಾಡುವ ಅಳತೆ ಟೇಪಿನ ಮೇಲೆ ಅದರ ಎರಡರಷ್ಟು. ಊಟಕ್ಕೆ ಕೂತಾಗಲೂ ಅದು ಕೊರಳಲ್ಲೇ. "ಮಲಗೋವಾಗಲಾದ್ರೂ ತೆಗೀರಿ, ಕನಸಲ್ಲಿ ಯಾರ ಸೊಂಟ ಅಳೀಬೇಕು?" ಎಂದು ಹೆಂಡತಿ ರೇಗಿಸುತ್ತಿದ್ದಳು. ಅವನು ಹೊಲಿದ ಅಂಗಿ ಬಿಗಿಯಾಯಿತೆಂದಾಗಲಿ ಸಡಿಲವಾಯಿತೆಂದಾಗಲಿ ವಾಪಸು ತಂದವರು ಯಾರೂ ಇಲ್ಲ. ಅಂಥವನಿಗೆ ತಲೆ ಒಂದಿಷ್ಟು ತಿರುಗಿದ್ದರೆ ಆಶ್ಚರ್ಯವೇನೂ ಇಲ್ಲ.

ಮನೆಯ ಮುಂದಿನ ಕೋಣೆಯೇ ಅಂಗಡಿ. ಆ ಬೇಸಿಗೆಯಲ್ಲಿ ಇಸ್ತ್ರಿ ಮೇಜಿನ ಕಾವಿಗೆ ಒಳಗೆ ಕೂರಲಾಗುತ್ತಿರಲಿಲ್ಲ. ಪಕ್ಕದ ಮನೆಯ ಕಡೆಯ ಗೋಡೆಗೆ ನೆರಳಿಗೊಂದು ಮಾಡು ಇಳಿಸಿದರೆ ಮೇಜನ್ನು ಹೊರಗೆ ಹಾಕಬಹುದು ಎನ್ನಿಸಿತು. ಜಾಗ ಎಷ್ಟಿದೆ ನೋಡೋಣವೆಂದು ಮನೆಯ ಕ್ರಯಪತ್ರ ತೆಗೆದ. ಅಗಲ ನಲವತ್ತು ಅಡಿ ಎಂದಿತ್ತು. ಟೇಪಿನ ಒಂದು ತುದಿಯನ್ನು ಹೆಂಡತಿಯ ಕೈಗೆ ಕೊಟ್ಟು, ಸೀಮೆಸುಣ್ಣದಲ್ಲಿ ಗುರುತು ಹಾಕುತ್ತ ಈ ಕಡೆಯ ಕಾಂಪೌಂಡ್ ಗೋಡೆಯಿಂದ ಆ ಕಡೆಯ ಗೋಡೆಗೆ ಅಳೆದ. ಅರ್ಧ ಅಡಿ ಕಡಿಮೆ ಬಂತು. ಇನ್ನೊಮ್ಮೆ ಅಳೆದರೂ ಅಷ್ಟೇ.

"ನೋಡಿದ್ಯಾ? ಪಕ್ಕದವನು ನಮ್ಮ ಜಾಗ ನುಂಗಿ ನೀರು ಕುಡಿದಿದ್ದಾನೆ," ಎಂದ.

ಪಕ್ಕದವನೆಂದರೆ ಬೀಗ ರಿಪೇರಿ ಮಾಡುವವನು. ಬೀದಿಯವರಿಗೆಲ್ಲ ಬೀಗದಣ್ಣ. ಎಂಥ ಮೊಂಡು ಬೀಗವನ್ನೂ ಬಡಿಯದೆ ಬೈಯದೆ ತೆಗೆಯುವವನು, ಮನುಷ್ಯರ ಜೊತೆಗೂ ಹಾಗೆಯೇ ಇದ್ದ. ಅವನ ಹೆಂಡತಿಗೆ ಕಾಲಿನ ಸ್ವಾಧೀನ ತಪ್ಪಿ ಗಾಲಿಕುರ್ಚಿ ಬಂದಾಗ, ಮುಂಬಾಗಿಲಿನ ಮೆಟ್ಟಿಲು ನೇರ ರಸ್ತೆಗೆ ಇಳಿಯುತ್ತಿದ್ದುದರಿಂದ, ಪಕ್ಕದ ಬಾಗಿಲಿನಿಂದ ಗೇಟಿನವರೆಗೆ ಮನೆಗೂ ಕಾಂಪೌಂಡ್ ಗೋಡೆಗೂ ನಡುವೆ ತಾನೇ ಸಿಮೆಂಟಿನ ಇಳಿಜಾರು ಕಟ್ಟಿದ್ದ. ದರ್ಜಿ ಆಕೆಯನ್ನು ಅಕ್ಕ ಎನ್ನುತ್ತಿದ್ದ. ಅಕ್ಕ ಯಾರ ಕೈಯನ್ನೂ ಕಾಯದೆ ತಾವೇ ಗಾಲಿ ತಳ್ಳಿಕೊಂಡು ಸಂಜೆ ಅಂಗಡಿ ಬಾಗಿಲಿಗೆ ಬರುತ್ತಿದ್ದರು; ಗುಂಡಿ ಹಚ್ಚುತ್ತ ಕೂತ ದರ್ಜಿಯ ಹೆಂಡತಿಯ ಜೊತೆ ಬೀದಿಯ ಸುದ್ದಿಯನ್ನೆಲ್ಲ ಹರಟಿ ಹೋಗುತ್ತಿದ್ದರು. ಗಾಲಿ ತಳ್ಳಿ ತಳ್ಳಿ ರಟ್ಟೆ ಬಲಿತು, ಅವರ ಅಂಗಿಯ ತೋಳನ್ನು ಎರಡು ಸಲ ಬಿಚ್ಚಿ ಸಡಿಲ ಮಾಡಬೇಕಾಗಿತ್ತು. "ಪೈಲ್ವಾನ್ ಆಗ್ತಿದೀನಿ ಮಾಸ್ಟ್ರೇ," ಎಂದು ನಗುತ್ತಿದ್ದರು. ತೋಳಿನ ಸುತ್ತಳತೆ ಹದಿನಾಲ್ಕು ಇಂಚು ಎಂಬುದು ದರ್ಜಿಗೆ ಬಾಯಿಪಾಠ.

ಎರಡು ಮನೆಗಳ ನಡುವಿನ ಆ ಕಾಂಪೌಂಡ್ ಗೋಡೆಯ ಪಕ್ಕ ನಿಂತು ದರ್ಜಿ ಬೀಗದಣ್ಣನನ್ನು ದಬಾಯಿಸಿದ. ಬೀಗದಣ್ಣ ಕ್ರಯಪತ್ರವನ್ನು ನಿಧಾನವಾಗಿ ಓದಿ ಮಡಿಸಿ ಕೊಟ್ಟ.

"ಸರ್ವೆಯವರನ್ನ ಕರೆಸೋಣ್ವಾ ಮಾಸ್ಟ್ರೇ?"

"ಅಂದ್ರೆ ನನ್ನ ಅಳತೆ ಮೇಲೇ ಅನುಮಾನವಾ?"

"ಛೆ, ನಿಮ್ಮ ಟೇಪಿನ ಮೇಲೆ ಯಾಕೆ ಅನುಮಾನ ಪಡ್ಲಿ. ಇವಳ ಒಂದು ಅಂಗಿನಾದ್ರೂ ಹೆಚ್ಚುಕಮ್ಮಿ ಆಗಿದ್ಯಾ? ಆದ್ರೆ ಒಂದು ಕೆಲಸ ಮಾಡಿ. ನಮ್ಮ ಜಾಗನೂ ಅದೇ ಟೇಪಲ್ಲಿ ಒಂದ್ಸಲ ಅಳೆದುಬಿಡಿ. ನಮ್ಮ ಕಡೆ ಎಷ್ಟು ಜಾಸ್ತಿ ಬಂದಿದೆ ಅಂತ ಗೊತ್ತಾಗ್ಲಿ."

"ನಿಮ್ಮದನ್ನ ಅಳೆಯೋದು ನನ್ನ ಕೆಲಸ ಅಲ್ಲ. ನಮ್ಮದು ಕಡಿಮೆ ಇದೆ, ಅಷ್ಟು ಸಾಕು."

ಬೀಗದಣ್ಣ ಮತ್ತೆ ಮಾತು ಬೆಳೆಸಲಿಲ್ಲ. ಜಗಳ ಬೀದಿಗೆ ಬಿದ್ದರೆ ಒಳಗಿರುವವಳು ಕೊರಗುತ್ತಾಳೆಂಬುದು ಅವನ ಚಿಂತೆ. ಗಾರೆಯವನನ್ನು ಕರೆಸಿ, ತನ್ನ ಖರ್ಚಿನಲ್ಲೇ ಹಳೆಯ ಗೋಡೆ ಕೆಡವಿಸಿ, ಅರ್ಧ ಅಡಿ ತನ್ನೊಳಕ್ಕೆ ಹೊಸ ಗೋಡೆ ಎಬ್ಬಿಸಿದ. ಇಳಿಜಾರು ಅಷ್ಟು ಕಿರಿದಾಯಿತು. ಗಾಲಿಕುರ್ಚಿ ಅದರಲ್ಲಿ ಹಿಡಿಸಲಿಲ್ಲ. ಅಂದಿನಿಂದ ಅಕ್ಕ ಕಿಟಕಿಯ ಹಿಂದೆ ಕೂತರು, ದರ್ಜಿಯ ಇಸ್ತ್ರಿ ಮೇಜು ಹೊರಗೆ ಹೊಸ ಮಾಡಿನ ಕೆಳಗೆ ಬಂತು.

"ಆ ಮೊಳ ಜಾಗದಲ್ಲಿ ಏನು ಕಡಿದು ಗುಡ್ಡೆ ಹಾಕಿದ್ರಿ?" ಎಂದು ಹೆಂಡತಿ ಕೇಳಿದಳು. ಗುಂಡಿ ಹಚ್ಚುವಾಗ ಅವಳಿಗೀಗ ಮಾತಿಗೆ ಯಾರೂ ಇರಲಿಲ್ಲ.

"ಮೊಳ ಅಲ್ಲ, ಅರ್ಧ ಅಡಿ. ನ್ಯಾಯ ಅಂದ್ರೆ ನ್ಯಾಯ," ಎಂದ ದರ್ಜಿ. ಆಗ ಅವನಿಗೆ ನಿದ್ದೆ ಚೆನ್ನಾಗಿಯೇ ಬರುತ್ತಿತ್ತು.

ಚಳಿಗಾಲ ಶುರುವಾಗುವ ಹೊತ್ತಿಗೆ ಹಲ್ಲಿನ ಡಾಕ್ಟರೊಬ್ಬರು ಹೊಸ ಆಸ್ಪತ್ರೆಯ ಕಿಟಕಿಗಳಿಗೆ ಪರದೆ ಹೊಲಿಸಿದರು. ಅಳತೆಯನ್ನು ಬಡಗಿಯಿಂದ ಬರೆಸಿ ತಂದುಕೊಟ್ಟಿದ್ದರು. ಹೊಲಿದು ಕೊಟ್ಟ ಮಾರನೆಯ ದಿನವೇ ಪರದೆಗಳನ್ನು ಹೊತ್ತುಕೊಂಡು ವಾಪಸು ಬಂದರು.

"ನೆಲ ಗುಡಿಸೋಕೆ ನಮ್ಮಲ್ಲಿ ಆಳಿದ್ದಾರೆ ಮಾಸ್ಟ್ರೇ. ನಿಮ್ಮ ಪರದೆ ಗುಡಿಸೋದು ಬೇಡ."

"ನಿಮ್ಮ ಬಡಗಿ ತಪ್ಪು ಬರೆದಿರ್ಬೇಕು," ಎಂದ ದರ್ಜಿ ಗತ್ತಿನಲ್ಲಿ.

ಡಾಕ್ಟರು ಕೈಚೀಲದಿಂದ ಉಕ್ಕಿನ ಟೇಪು ತೆಗೆದು ಮೇಜಿನ ಮೇಲೆ ಎಳೆದಿಟ್ಟರು. ದರ್ಜಿ ನಗುತ್ತಲೇ ತನ್ನ ಟೇಪನ್ನು ಅದರ ಪಕ್ಕಕ್ಕೆ ಮಲಗಿಸಿದ. ಮೊದಮೊದಲು ಎರಡೂ ಜೊತೆಜೊತೆಯಾಗಿ ಹೋದವು. ಆಮೇಲೆ ಅವನ ಗೆರೆಗಳು ಮೆಲ್ಲಗೆ ಮುಂದೆ ಜಾರಿದವು. ಟೇಪು ಮುಗಿಯುವ ಹೊತ್ತಿಗೆ ಮುಕ್ಕಾಲು ಇಂಚಿನ ಅಂತರ. ವರ್ಷಗಟ್ಟಲೆ ಎಳೆದೆಳೆದು ಅದು ಹಿಗ್ಗಿತ್ತು. ಯಾರಿಗೂ ಗೊತ್ತಾಗದಿದ್ದುದು ಯಾಕೆಂದರೆ ಮೈಯನ್ನು ಅಳೆದದ್ದೂ ಅದೇ ಟೇಪು, ಬಟ್ಟೆಯನ್ನು ಅಳೆದದ್ದೂ ಅದೇ ಟೇಪು. ಸುಳ್ಳು ಎರಡು ಕಡೆಯೂ ಸಮವಾಗಿತ್ತು. ಬೇರೆಯವರು ಬರೆದ ಅಳತೆ ಬಂದಾಗ ಮಾತ್ರ ಬಣ್ಣ ಬಯಲಾಗಬೇಕು. ಬೇರೆಯವರು ಬರೆದ ಅಳತೆ ಅವನ ಕೈಗೆ ಅದಕ್ಕೂ ಮೊದಲು ಬಂದದ್ದು ಒಂದೇ ಸಲ, ಕ್ರಯಪತ್ರದಲ್ಲಿ.

ಡಾಕ್ಟರು ಹೋದ ಮೇಲೆ ದರ್ಜಿ ಹಾರ್ಡ್‌ವೇರ್ ಅಂಗಡಿಯಿಂದ ಉದ್ದದ ಟೇಪು ತಂದು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಜಾಗ ಅಳೆದ. ನಲವತ್ತೂವರೆ ಅಡಿ. ತಲೆಯೆತ್ತಿದರೆ ಕಿಟಕಿಯಲ್ಲಿ ಅಕ್ಕ ಇದ್ದರು. ಅವರು ನಕ್ಕರು. ಅವನು ಕಳ್ಳನ ಹಾಗೆ ಒಳಗೆ ಸರಿದ. ಹಾಗೆ ಅನ್ನುವುದೂ ಯಾಕೆ, ಕದ್ದವನು ತಾನೇ ಎಂದು ಅವನಿಗೆ ಆಗಲೇ ಗೊತ್ತಾಗಿತ್ತು.

ಆದರೂ ಮನುಷ್ಯ ನೇರ ದಾರಿ ಹಿಡಿಯಲಿಲ್ಲ. ಮರ್ಯಾದೆಯೂ ಉಳಿಯಲಿ, ಪಾಪವೂ ಕಳೆಯಲಿ ಎಂಬ ಆಸೆ. ಸಂಜೆ ಬೀಗದಣ್ಣನ ಮನೆಗೆ ಹೋಗಿ, "ಗೋಡೆ ತೆಗೆಸಿಬಿಡ್ತೀನಿ. ಅಕ್ಕ ನಮ್ಮ ಜಾಗದಲ್ಲೇ ಓಡಾಡ್ಲಿ. ಅಕ್ಕಪಕ್ಕದವರು ಅಂದ್ಮೇಲೆ ಇಷ್ಟೂ ಇಲ್ದಿದ್ರೆ ಹೇಗೆ?" ಎಂದ.

ಬೀಗದಣ್ಣ ತಲೆಯಾಡಿಸಿದ. "ಬೇಡ ಮಾಸ್ಟ್ರೇ. ಇಷ್ಟು ವರ್ಷ ಗೊತ್ತಿಲ್ದೆ ನಿಮ್ಮ ಜಾಗ ತುಳಿದಿದ್ದಕ್ಕೇ ಇವಳು ನೊಂದ್ಕೊಂಡಿದ್ದಾಳೆ. ಗೊತ್ತಿದ್ದೂ ತುಳಿಯೋದು ಹೇಗೆ?"

"ಹೀಗೆ ಬಂದು ಹೇಳಿದ್ರಲ್ಲ, ಅಷ್ಟೇ ಸಾಕು," ಎಂದರು ಅಕ್ಕ. "ನಿಮ್ಮದು ದೊಡ್ಡ ಮನಸ್ಸು."

ದರ್ಜಿ ಅಲ್ಲಿ ನಿಲ್ಲದೆ ಮನೆಗೆ ಬಂದ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅನ್ನ ಸೇರಲಿಲ್ಲ, ಹೊಲಿಗೆ ಡೊಂಕಾಯಿತು. ಕೊನೆಗೆ ಹೆಂಡತಿಯ ಮುಂದೆ ಎಲ್ಲವನ್ನೂ ಬಾಯಿಬಿಟ್ಟ. ಅವಳು ಸೂಜಿಗೆ ದಾರ ಪೋಣಿಸಿ ಮುಗಿಸಿದಳು.

"ನನ್ನ ಹತ್ರ ಹೇಳಿ ಏನು ಬಂತು? ನನ್ನದೇನು ಗೋಡೆ ಒಡೆಸಿದ್ರಾ?" ಎಂದಳು ಆಮೇಲೆ.

ಎರಡೂ ಟೇಪು ಹಿಡಿದು ದರ್ಜಿ ಮತ್ತೆ ಬೀಗದಣ್ಣನ ಮನೆಗೆ ಹೋದ. ಅಕ್ಕನೂ ಅಲ್ಲೇ ಇದ್ದರು. ಮೇಜಿನ ಮೇಲೆ ಅವನ್ನು ಪಕ್ಕಪಕ್ಕ ಎಳೆದಿಟ್ಟು, ಎಲ್ಲಿ ಹೊಂದಿಕೊಳ್ಳುತ್ತವೆ, ಎಲ್ಲಿ ತಪ್ಪುತ್ತವೆ ಎಂದು ಬೆರಳಿಟ್ಟು ತೋರಿಸಿದ. "ನಿಮ್ಮ ಗೋಡೆ ಮೊದಲು ಇದ್ದ ಕಡೆಯೇ ಸರಿಯಾಗಿತ್ತು. ತಪ್ಪು ನನ್ನದು," ಎಂದ.

ಬೀಗದಣ್ಣ ಎರಡೂ ಟೇಪುಗಳ ತುದಿಯನ್ನು ತಾನೇ ಜೋಡಿಸಿ ನೋಡಿದ. ದನಿ ಏರಿಸಲಿಲ್ಲ.

"ಟೇಪು ಹಿಗ್ಗಿದ್ದು ನಿಮಗೆ ಗೊತ್ತಿರ್ಲಿಲ್ಲ, ಅದನ್ನ ಒಪ್ತೀನಿ. ಆದ್ರೆ ಅವತ್ತು ನಮ್ಮ ಜಾಗನೂ ಅದೇ ಟೇಪಲ್ಲಿ ಅಳೀರಿ ಅಂದಿದ್ದೆ."

ಅಳೆದಿದ್ದರೆ ಬೀಗದಣ್ಣನ ಜಾಗವೂ ಅಷ್ಟೇ ಕಡಿಮೆ ಬರುತ್ತಿತ್ತು, ಅಲ್ಲಿಗೇ ಮುಗಿಯುತ್ತಿತ್ತು. ಅಳೆಯದಂತೆ ತಡೆದದ್ದು ಹಿಗ್ಗಿದ ಟೇಪಲ್ಲ. ಅದು ಅಲ್ಲಿದ್ದ ಮೂವರಿಗೂ ಗೊತ್ತಿತ್ತು.

ಗಾರೆಯವನು ಬಂದ. ಅವನ ಜೊತೆ ದರ್ಜಿಯೂ ಸುತ್ತಿಗೆ ಹಿಡಿದ; ಅಂಗೈಯಲ್ಲಿ ಬೊಬ್ಬೆ ಎದ್ದು ಒಂದು ವಾರ ಕತ್ತರಿ ಹಿಡಿಯಲಾಗಲಿಲ್ಲ. ಮಾಡು ಇಳಿಸಿದ್ದ ಕೆಲಸದವನೇ ಬಂದು ಅದನ್ನು ಬಿಚ್ಚಿದ. ಗೋಡೆ ಹಳೆಯ ಜಾಗಕ್ಕೆ ಹೋಯಿತು, ಇಳಿಜಾರು ಮೊದಲಿನಷ್ಟೇ ಅಗಲವಾಯಿತು, ಇಸ್ತ್ರಿ ಮೇಜು ಒಳಗೆ ಬಂತು.

ಸಿಮೆಂಟು ಒಣಗಿದ ಮೇಲೆ ಒಂದು ಸಂಜೆ ಅಕ್ಕ ಬಂದರು. ಮೊದಲು ಒಂದೇ ಉಸಿರಿಗೆ ಬರುತ್ತಿದ್ದ ದಾರಿಯಲ್ಲಿ ಈಗ ನಡುನಡುವೆ ನಿಂತು ದಣಿವಾರಿಸಿಕೊಂಡರು. ತೊಡೆಯ ಮೇಲೆ ನೀಲಿ ಬಟ್ಟೆಯ ತುಂಡಿತ್ತು.

"ಒಂದು ಅಂಗಿ ಹೊಲೀಬೇಕು ಮಾಸ್ಟ್ರೇ. ಹಳೇ ಟೇಪಲ್ಲೇ ಅಳೀರಿ, ನನಗೆ ಅದೇ ಒಗ್ಗಿದೆ."

ದರ್ಜಿ ಗೂಟದಲ್ಲಿ ನೇತುಹಾಕಿದ್ದ ಹಳೆಯ ಟೇಪು ತೆಗೆದು ಅವರ ತೋಳಿಗೆ ಸುತ್ತಿದ. ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದ. ಜಾಗದ ವಿಷಯದಲ್ಲಿ ಸುಳ್ಳು ಹೇಳಿದ ಟೇಪು ಅಕ್ಕನ ವಿಷಯದಲ್ಲಿ ಹೇಳುವಂತಿರಲಿಲ್ಲ. ಹಿಂದೆ ಹದಿನಾಲ್ಕು ಎಂದು ತೋರಿಸಿದ್ದೂ ಅದೇ ಟೇಪು.

"ಎಷ್ಟು ಬಂತು?" ಎಂದರು ಅಕ್ಕ.

ಬಟ್ಟೆ ಮಡಿಸುವ ನೆಪದಲ್ಲಿ ಅವನು ಮುಖ ತಗ್ಗಿಸಿದ. "ಕಡಿಮೆಯಾಗಿದೆ ಅಕ್ಕ."

"ಎಷ್ಟು ಅಂತ ಹೇಳಿ."

"ಹನ್ನೊಂದೂವರೆ."

ಬಾಗಿಲಲ್ಲಿ ಗುಂಡಿ ಹಚ್ಚುತ್ತಿದ್ದ ಅವನ ಹೆಂಡತಿ ಕೈ ನಿಲ್ಲಿಸಿದಳು. ಅಕ್ಕ ತಮ್ಮ ತೋಳನ್ನು ತಾವೇ ಒಮ್ಮೆ ಹಿಡಿದು ನೋಡಿಕೊಂಡರು.

"ಹಾಗಾದ್ರೆ ಒಳಗಡೆ ಬಟ್ಟೆ ಬಿಟ್ಟು ಹೊಲೀರಿ," ಎಂದರು. "ಬೇಸಿಗೆ ಹೊತ್ತಿಗೆ ಬಿಚ್ಚಬೇಕಾಗುತ್ತೆ."