ಬೂದಿಯ ಮೇಲಿನ ಸೊಳ್ಳೆ

ಬಿದಿರಿನ ಮಂಕರಿ ಎತ್ತಿದಾಗ ಬೂದಿಯ ಮೇಲೆ ಒಂದು ಹೆಜ್ಜೆಯೂ ಇರಲಿಲ್ಲ. ಬಾಗಿಲಿಗೆ ಮುಗಿಬಿದ್ದಿದ್ದ ನೆಂಟರು ಕತ್ತು ಚಾಚಿ ನೋಡಿ ಹಿಂದೆ ಸರಿದರು. ತಿಥಿಯ ಹಿಂದಿನ ರಾತ್ರಿ ಜರಡಿ ಹಿಡಿದ ಬೂದಿಯನ್ನು ದೀಪದ ಪಕ್ಕ ಹರಡಿ, ಮಂಕರಿ ಕವುಚಿಟ್ಟು, ಬೆಳಿಗ್ಗೆ ತೆಗೆದು ನೋಡುವುದು ಅವರ ಕಡೆಯ ರೂಢಿ. ಕಾಗೆಯ ಕಾಲಿನ ಗುರುತಿದ್ದರೆ ಸತ್ತವರು ಕಾಗೆಯಾಗಿ ಬಂದರು, ಹಲ್ಲಿ ಹರಿದಿದ್ದರೆ ಹಲ್ಲಿಯಾಗಿ ಬಂದರು, ಇರುವೆ ಸಾಲಿದ್ದರೂ ಸರಿ. ಮುಚ್ಚಿದ ಮಂಕರಿಯೊಳಗೆ ಕಾಗೆ ಹೇಗೆ ಹೊಕ್ಕೀತು ಎಂದು ಯಾರೂ ಕೇಳುವುದಿಲ್ಲ, ಕೇಳಲೂಬಾರದು. ಏನಾದರೊಂದು ಆಗಿ ಬಂದು ಮನೆಯವರನ್ನು ನೋಡಿ ಹೋಗಬೇಕು, ಅಷ್ಟೆ. ಶಿವನಂಜಮ್ಮ ಬಂದ ಹಾಗೆ ಕಾಣಲಿಲ್ಲ.

ಗೋಡೆಗೆ ಒರಗಿ ನಿಂತಿದ್ದ ಅವಳ ಗಂಡ ಮಾದಸ್ವಾಮಿ ಅಲ್ಲೇ ಕುಸಿದು ಕೂತ. ಜ್ವರವೆಂದು ಮಲಗಿದವಳು ವಾರ ತುಂಬುವುದರೊಳಗೆ ಮೈಸೂರಿನ ಆಸ್ಪತ್ರೆಯಿಂದ ಹೆಣವಾಗಿ ಬಂದಿದ್ದಳು. ಡೆಂಗಿ ಎಂದು ಡಾಕ್ಟರು ಹೇಳಿದ್ದರು. ಒಂದು ಮಾತೂ ಆಡದೆ ಹೋದವಳು ಈಗ ಹೀಗೂ ಬರಲಿಲ್ಲವೆಂದರೆ ಮುನಿಸಿಕೊಂಡೇ ಹೋಗಿದ್ದಾಳೆ ಎಂದು ಅವನು ಮಕ್ಕಳ ಹಾಗೆ ಅಳತೊಡಗಿದ. ಶಿವನಂಜಮ್ಮನ ಸೋದರಮಾವ, ಮುಳ್ಳೂರಿನ ದೊಡ್ಡಸಿದ್ದಯ್ಯ, ಬೂದಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದ. ಒಂದು ಅಂಚಿನಲ್ಲಿ ಸೊಳ್ಳೆಯೊಂದು ಬಿದ್ದುಕೊಂಡಿತ್ತು. ಕಾಲಿಗೆ ಬಿಳಿಯ ಪಟ್ಟೆ, ರೆಕ್ಕೆ ಇನ್ನೂ ಆಡುತ್ತಿತ್ತು. ಹಿರಿಯನಾದವನು ಏನಾದರೂ ಹೇಳಲೇಬೇಕಿತ್ತು.

"ಇಗಾ, ಬಂದವ್ಳೆ," ಅಂದ. "ಇದೇಯಾ ನಮ್ ಸಿವನಂಜಿ. ಯಾರೂ ಮುಟ್ಬ್ಯಾಡಿ."

ಸೊಳ್ಳೆ ಕಚ್ಚಿ ಸತ್ತವಳು ಸೊಳ್ಳೆಯಾಗಿ ಬರುವುದೆಂದರೇನು ಎಂದು ಯಾರಿಗಾದರೂ ಅನ್ನಿಸಿದ್ದೀತು. ತಿಥಿ ಮನೆಯಲ್ಲಿ ಅಂಥ ಮಾತು ಆಡುವವರಾರು? ಎಲ್ಲರೂ ಕೈಮುಗಿದರು. ಮಾದಸ್ವಾಮಿ ಕಣ್ಣೊರೆಸಿಕೊಂಡು ಎದ್ದು ಬಂದು, ಅದು ಬೂದಿ ಕೊಡವಿಕೊಂಡು ಹಾರಿಹೋಗುವ ತನಕ ಕಾದು ನಿಂತ.

ಕೊಳ್ಳೇಗಾಲದ ಹೊಸ ಬಡಾವಣೆಯೊಂದರ ಪಾರ್ಕಿನಲ್ಲಿ ಅವನಿಗೆ ಕೆಲಸ. ಗಿಡಕ್ಕೆ ನೀರು ಹಾಕುವವನೂ ಅವನೇ, ಸಂಜೆ ಗೇಟು ಹಾಕುವವನೂ ಅವನೇ. ಪಾರ್ಕಿನ ಮೂಲೆಯ ಶೀಟಿನ ಕೋಣೆಯೇ ಮನೆ. ಈಗ ಅಲ್ಲಿ ಉಳಿದವರು ಅವನು ಮತ್ತು ಏಳನೇ ಕ್ಲಾಸಿನ ಮಗಳು ರಾಣಿ. ತಿಥಿ ಕಳೆದ ಮೇಲೆ ಆ ಮನೆಯಲ್ಲಿ ಸಂಜೆ ಬೇವಿನ ಸೊಪ್ಪಿನ ಹೊಗೆ ಹಾಕುವುದು ನಿಂತುಹೋಯಿತು. ಸೊಳ್ಳೆ ಪರದೆಯನ್ನು ಮಡಿಸಿ ಅಟ್ಟಕ್ಕೆ ಎಸೆದದ್ದಾಯಿತು. ಕಿಟಕಿ ಹಗಲೆಲ್ಲ ತೆರೆದಿರುತ್ತಿತ್ತು. ಸ್ಕೂಲಿನಿಂದ ಬಂದ ರಾಣಿ ಹೊಸ್ತಿಲ ಮೇಲೆ ಕೂತು, ತೋಳಿನ ಮೇಲೆ ಕೂತ ಸೊಳ್ಳೆಗೆ ಅವತ್ತಿನ ಸುದ್ದಿಯನ್ನೆಲ್ಲ ಹೇಳುತ್ತಿದ್ದಳು. ಟೀಚರು ಬೈದದ್ದು, ಗೆಳತಿ ಟೂ ಬಿಟ್ಟದ್ದು, ಸಾರಿಗೆ ಉಪ್ಪು ಜಾಸ್ತಿಯಾದದ್ದು. ಮಾದಸ್ವಾಮಿ ಒಳಗೆ ಮುದ್ದೆ ತಿರುವುತ್ತ ಕೇಳಿಸಿಕೊಳ್ಳುತ್ತಿದ್ದ. ಅವನಿಗೂ ಕಿವಿಯ ಬಳಿ ಗುಂಯ್ ಅಂದರೆ ಮೈ ಜುಮ್ಮೆನ್ನುತ್ತಿತ್ತು. ಹೆದರಿಕೆಯೂ ಆಗುತ್ತಿತ್ತು, ಹೆದರಿಕೆಗಿಂತ ಹೆಚ್ಚಾಗಿ ಸಂತೋಷವೂ ಆಗುತ್ತಿತ್ತು. ಎಡಗಿವಿಗೆ ಬಂದದ್ದಾದರೆ ಅವಳೇ ಸೈ ಎಂದುಕೊಳ್ಳುತ್ತಿದ್ದ. ಅವಳು ಮಲಗುತ್ತಿದ್ದುದು ಅವನ ಎಡಮಗ್ಗುಲಿಗೆ.

ಪಾರ್ಕಿನಲ್ಲಿ ಅವನು ಹೆಚ್ಚು ಮುತುವರ್ಜಿಯಿಂದ ಸಾಕಿದ್ದು ದಾರಿಯ ಎರಡೂ ಬದಿಗೆ ನೆಟ್ಟಿದ್ದ ಕೆಂಪು ಗಿಡಗಳನ್ನು. ಅವನ್ನು ಎಲ್ಲಿಂದಲೋ ಲಾರಿಯಲ್ಲಿ ತರಿಸಿ ನೆಡಿಸಿದ ಗುತ್ತಿಗೆದಾರ ಬ್ರೊಮೀಲಿಯಾಡ್ ಎಂದೇನೋ ಹೆಸರು ಹೇಳಿದ್ದ. ಅದು ಮಾದಸ್ವಾಮಿಯ ನಾಲಿಗೆಗೆ ಹತ್ತಲಿಲ್ಲ. ನೋಡಲು ಅನಾನಸಿನ ಗಿಡದಂತಿದ್ದುದರಿಂದ ಅನಾನಸ್ ಎಂದೇ ಕರೆದ. ಎಲೆಗಳೆಲ್ಲ ಬುಡದಲ್ಲಿ ಒಂದಕ್ಕೊಂದು ಕಚ್ಚಿಕೊಂಡು ನಡುವೆ ಬಟ್ಟಲಿನಂತಾಗಿ, ಹಾಕಿದ ನೀರು ಅಲ್ಲೇ ನಿಲ್ಲುತ್ತಿತ್ತು. ಆ ಬಟ್ಟಲು ಒಣಗಿದರೆ ಗಿಡ ಸತ್ತಿತು ಎಂದು ಗುತ್ತಿಗೆದಾರ ಹೆದರಿಸಿ ಹೋಗಿದ್ದ. ಅಂದಿನಿಂದ ಮಳೆ ಬಂದ ದಿನವೂ ಮಾದಸ್ವಾಮಿ ಚೊಂಬಿನಲ್ಲಿ ನೀರು ಹಿಡಿದು ಒಂದೊಂದಕ್ಕೂ ತುಂಬಿಸುತ್ತಿದ್ದ. ಅಷ್ಟೊಂದು ಅಕ್ಕರೆಯಿಂದ ನನಗೆ ಒಂದು ಲೋಟ ಕಾಫಿ ಕೊಟ್ಟಿದ್ದರೆ ಆಗುತ್ತಿತ್ತು ಎಂದು ಶಿವನಂಜಮ್ಮ ಕಿಚಾಯಿಸುತ್ತಿದ್ದಳು. ಸಂಜೆ ಆ ಗಿಡಗಳ ಪಕ್ಕದ ಕಲ್ಲುಬೆಂಚಿನ ಮೇಲೆಯೇ ಕೂತು ಸೊಪ್ಪು ಬಿಡಿಸುತ್ತಿದ್ದಳು.

ಆಮೇಲೆ ಸುತ್ತಲಿನ ಬೀದಿಗಳಲ್ಲೂ ಜ್ವರ ಶುರುವಾಯಿತು. ಆಶಾ ಕಾರ್ಯಕರ್ತೆ ಪದ್ಮಿನಿ ಬಿಸಿಲೆನ್ನದೆ ಮನೆಮನೆ ತಿರುಗಿ ಡ್ರಮ್ಮು, ಟೈರು, ತೆಂಗಿನ ಚಿಪ್ಪುಗಳನ್ನೆಲ್ಲ ಬೋರಲು ಹಾಕಿಸಿದಳು. ಆದರೂ ಜ್ವರ ಇಳಿಯಲಿಲ್ಲ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ, ಪಾರ್ಕಿನ ಹಸಿರನ್ನು ಅನುಮಾನಿಸುವುದು ಯಾರಿಗೂ ಹೊಳೆಯಲಿಲ್ಲ. ಒಂದು ಸಂಜೆ ಹೊಗೆ ಬಿಡುವ ಮೆಷಿನ್ನು ಗೇಟಿನ ತನಕ ಬಂತು. ಗಿಡ ಸುಟ್ಟುಹೋಗುತ್ತವೆ ಎಂದು ಸುಳ್ಳು ಹೇಳಿ ಮಾದಸ್ವಾಮಿ ಗೇಟಿಗೆ ಬೀಗ ಜಡಿದ. ಹೆಂಡತಿ ಸತ್ತವನ ಹತ್ತಿರ ಜಗಳವೇಕೆ ಎಂದು ಹೊಗೆ ಬಿಡಲು ಬಂದವರೂ ಮೆಷಿನ್ನು ತಿರುಗಿಸಿಕೊಂಡು ಹೋದರು.

ಅದಾದ ಕೆಲವೇ ದಿನಕ್ಕೆ ರಾಣಿ ಸ್ಕೂಲಿನಿಂದ ತೂರಾಡುತ್ತ ಬಂದಳು. ಮೈ ಕೆಂಡ, ಕಣ್ಣಗುಡ್ಡೆಯ ಹಿಂದೆ ನೋವು. ಶಿವನಂಜಮ್ಮನೂ ಮೊದಲ ದಿನ ಕಣ್ಣನ್ನೇ ಹಿಡಿದುಕೊಂಡು ನರಳಿದ್ದಳು. ಮಾದಸ್ವಾಮಿ ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ಓಡಿದ. ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತ ನೋಡಿ ಡೆಂಗಿ ಎಂದರು, ಪರದೆ ಕಟ್ಟಿದ ಮಂಚದ ಮೇಲೆ ಮಲಗಿಸಿದರು. ಇನ್ನೆರಡು ದಿನ ಏನೂ ಹೇಳುವಂತಿಲ್ಲ, ಪರದೆ ಮಾತ್ರ ಎತ್ತಬಾರದು, ಇವಳಿಗೆ ಕಚ್ಚಿದ್ದು ಇನ್ನೊಬ್ಬರಿಗೆ ಕಚ್ಚಬಾರದು ಎಂದು ಸಿಸ್ಟರು ಗದರಿಸಿ ಹೇಳಿದರು.

ಮಗಳ ಬಟ್ಟೆ ತರಲು ಮಾದಸ್ವಾಮಿ ಮರುದಿನ ಬೆಳಿಗ್ಗೆ ಪಾರ್ಕಿಗೆ ಬಂದಾಗ ಪದ್ಮಿನಿ ಕೆಂಪು ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಸೂಜಿಯಿಲ್ಲದ ಸಿರಿಂಜನ್ನು ಗಿಡದ ನಡುವಿನ ಬಟ್ಟಲಿಗೆ ಇಳಿಸಿ ನೀರೆಳೆದು ಬಿಳಿಯ ತಟ್ಟೆಗೆ ಬಿಟ್ಟಳು. ತಟ್ಟೆಯ ತುಂಬ ಕೂದಲೆಳೆಯಂಥ ಮರಿಗಳು ಕೊಂಕಿ ನೆಟ್ಟಗಾಗಿ ಕುಣಿಯುತ್ತಿದ್ದವು. ಪಕ್ಕದ ಗಿಡದ್ದೂ ಅದೇ, ಅದರ ಪಕ್ಕದ್ದೂ ಅದೇ.

"ಬೀದಿ ಡ್ರಮ್ಮೆಲ್ಲಾ ಮಗುಚ್ದೆ ಕಣಣ್ಣ," ಅಂದಳು. "ಇದ್ರೊಳಕ್ಕೆ ಬಗ್ಗಿ ನೋಡ್ಬೇಕು ಅಂತ ನಂಗೆ ವೊಳೀನೇ ಇಲ್ಲ."

ತಪ್ಪು ತನ್ನದೇ ಎಂಬಂತೆ ಅವಳು ಹೇಳಿದ್ದು ಮಾದಸ್ವಾಮಿಗೆ ಇನ್ನೂ ಕಷ್ಟವಾಯಿತು. ಚೊಂಬು ಹಿಡಿದ ಕೈ ಯಾರದೆಂದು ಅವನಿಗೆ ಗೊತ್ತಿತ್ತು. ತಟ್ಟೆಯಿಂದ ಕಣ್ಣು ಕೀಳದೆ ಕೇಳಿದ.

"ಅವ್ಳಿಗೂ ಇದ್ರಿಂದ್ಲೇಯಾ ಪದ್ಮಿನವ್ವ?"

"ಅದು ಈಗ ಯಾಕಣ್ಣ," ಅಂದಳು ಪದ್ಮಿನಿ. "ಮಗೀನ ನೋಡು ಓಗು."

ಅವಳು ಆರೋಗ್ಯ ಇಲಾಖೆಯವರನ್ನು ಕರೆತರಲು ಹೋದ ಮೇಲೆ ಅವನು ಗುದ್ದಲಿ ತಂದು ಮೊದಲ ಗಿಡ ಕಿತ್ತ. ಬಟ್ಟಲಿನ ನೀರು ಕಾಲ ಮೇಲೆ ಚೆಲ್ಲಿತು. ಎಲೆಗಳ ಸಂದಿಯಿಂದ ಎದ್ದ ಸೊಳ್ಳೆಗಳು ಮುಖಕ್ಕೆ ಮುತ್ತಿ, ಎಡಗಿವಿಯ ಹತ್ತಿರ ಗುಂಯ್ ಎಂದವು. ಎರಡನೆಯದಕ್ಕೆ ಗುದ್ದಲಿ ಎತ್ತಲು ಅವನಿಂದಾಗಲಿಲ್ಲ. ಬೆಂಚಿನ ಮೇಲೆ ಕೂತು ದೊಡ್ಡಸಿದ್ದಯ್ಯನಿಗೆ ಫೋನು ಮಾಡಿ, ಮಗಳ ವಿಷಯವನ್ನೂ ತಟ್ಟೆಯಲ್ಲಿ ಕಂಡದ್ದನ್ನೂ ಹೇಳಿ, ಕೊನೆಗೆ ಕೇಳಿದ.

"ಮಾವ, ಅವತ್ತು ಬೂದೀಲಿ ಬಂದಿದ್ದು ಅವ್ಳೇಯಾ? ನಿಜ ಯೋಳು."

ಮುದುಕ ಆ ಕಡೆಯಿಂದ ಹೇಳಿಯೇಬಿಟ್ಟ.

"ನಂಗೇನ್ಲಾ ಗೊತ್ತು. ಮಂಕ್ರಿ ಎತ್ತುದ್ರೆ ಆ ಸೊಳ್ಳೆ ಬಿಟ್ರೆ ಏನೂ ಇರ್ನಿಲ್ಲ. ನೀನು ಅಂಗೆ ಅಳ್ತಾ ಕುಂತಿದ್ದೆ. ನಿನ್ ಮೊಕ ನೋಡಕ್ಕಾಗ್ನಿಲ್ಲ ಕಣ್ಲಾ."

ಮಾದಸ್ವಾಮಿ ಮಾವನನ್ನು ಬೈಯಲಿಲ್ಲ. ಎದ್ದು ಗಿಡಗಳನ್ನೆಲ್ಲ ಬುಡಸಮೇತ ಕಿತ್ತು ಬಿಸಿಲಿಗೆ ಬೋರಲು ಹಾಕಿದ. ಎಲೆಯಂಚಿನ ಮುಳ್ಳು ತರಚಿ ಮುಂಗೈ ತುಂಬ ರಕ್ತವಾಯಿತು. ಇಷ್ಟು ದಿನ ಮನೆ ತುಂಬಿಕೊಂಡಿದ್ದವಳು ಯಾರು, ಮಗಳು ಸಂಜೆಯೆಲ್ಲ ಮಾತಾಡಿದ್ದು ಯಾರ ಜೊತೆ ಎಂಬುದನ್ನು ಯೋಚಿಸಲು ಹೋಗಲಿಲ್ಲ. ಕೈ ತೊಳೆದುಕೊಂಡು, ಮಗಳ ಬಟ್ಟೆ ಹಿಡಿದು ಆಸ್ಪತ್ರೆಗೆ ನಡೆದ. ದಾರಿಯಲ್ಲಿ ಬೆಟ್ಟದ ದೇವರಿಗೆ ಹೊರಟ ಪಾದಯಾತ್ರೆಯವರು ಉಘೇ ಎನ್ನುತ್ತ ಎದುರಾದರು. ಮಗಳನ್ನು ಉಳಿಸಿಕೊಡು ಎಂದು ಕೈಯೆತ್ತುವುದಕ್ಕೂ ಅವನಿಗೆ ನಾಚಿಕೆಯಾಯಿತು.

ವಾರ್ಡಿನಲ್ಲಿ ಮಧ್ಯಾಹ್ನದ ಮಂಪರು. ಊಟದ ತಟ್ಟೆಗಳನ್ನು ತೊಳೆಯಲು ರೋಗಿಗಳ ಜೊತೆಗಿದ್ದವರೆಲ್ಲ ನಲ್ಲಿಯ ಹತ್ತಿರ ಹೋಗಿದ್ದರು. ರಾಣಿಗೆ ಎಚ್ಚರವಿತ್ತು. ಪರದೆಯೊಳಗೆ ಒಂದು ಮಗ್ಗುಲಾಗಿ ಮಲಗಿ, ಡ್ರಿಪ್ಪು ಇಲ್ಲದ ಕೈಯ ಅಂಗೈಯನ್ನು ಬಲೆಗೆ ಒತ್ತಿ ಹಿಡಿದಿದ್ದಳು. ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಅಪ್ಪನನ್ನು ಕಂಡು ನಕ್ಕಳು.

"ಅಲ್ಲಾಡ್ಬ್ಯಾಡಪ್ಪ," ಅಂದಳು ಪಿಸುಮಾತಿನಲ್ಲಿ. "ಅವ್ವ ಬಂದವ್ಳೆ. ಒಳಕ್ಕೆ ಬರಕ್ಕಾಯ್ತಿಲ್ಲ ಅವ್ಳಿಗೆ."

ಬಲೆಯ ಹೊರಗೆ, ಅವಳ ಅಂಗೈಗೆ ಸರಿಯಾಗಿ, ಬಿಳಿಪಟ್ಟೆಯ ಕಾಲುಗಳನ್ನು ಊರಿಕೊಂಡು ಒಂದು ಸೊಳ್ಳೆ ಕೂತಿತ್ತು. ಬಲೆಯ ಕಣ್ಣಿನೊಳಗಿಂದ ಮೂತಿಯ ಮುಳ್ಳು ಇಳಿಸಿ ಹೀರುತ್ತಿತ್ತು. ಹೊಟ್ಟೆ ನೋಡುತ್ತಿದ್ದಂತೆ ಕೆಂಪಾಗುತ್ತಿತ್ತು. ರಾಣಿ ಉಸಿರು ಬಿಗಿಹಿಡಿದು, ಅದಕ್ಕೆ ಇನ್ನೂ ಅನುಕೂಲವಾಗಲೆಂದು ಅಂಗೈಯನ್ನು ಮತ್ತಷ್ಟು ಒತ್ತಿದಳು.

ಅದು ಬರಿಯ ಸೊಳ್ಳೆಯೆಂದು ಮಾದಸ್ವಾಮಿಗೆ ಗೊತ್ತಿತ್ತು. ಪಕ್ಕದ ಮಂಚದಲ್ಲಿ ಯಾರದೋ ಕೂಸು ಪರದೆಯಿಲ್ಲದೆ ಮಲಗಿರುವುದೂ ಕಾಣುತ್ತಿತ್ತು. ಗೊತ್ತಿದ್ದೂ ಗೊತ್ತಿದ್ದೂ, ಬೆಂಚಿನ ಮೇಲೆ ಸೊಪ್ಪು ಬಿಡಿಸುತ್ತ ಕೂತವಳ ಬೆನ್ನು ಕಂಡ ಹಾಗಾಯಿತು ಅವನಿಗೆ. ಒಂದು ಹೆಜ್ಜೆ ಮುಂದೆ ಬಂದ. ಅಂಗೈ ಬಿಡಿಸಿ, ಬಲೆಯ ಈಚೆಯಿಂದ ಮಗಳ ಅಂಗೈಗೆ ಮೆಲ್ಲಗೆ ಕೂಡಿಸಿ, ಒತ್ತಿದ.

"ಅಪ್ಪ, ಅವ್ವ ಎಲ್ಲಿ?"

"ಇಲ್ಲೇ ಅವ್ಳೆ. ಕಣ್ಮುಚ್ಕೊ ಮಗ."

ರಾಣಿ ಕಣ್ಣು ಮುಚ್ಚಿದಳು. ಬಲೆಯ ಮೂಲಕ ಅವಳ ಕಾವೂ, ಅರೆದುಹೋದ ಸೊಳ್ಳೆಯ ಹಸಿ ರಕ್ತವೂ ಅವನ ಕೈಗೆ ಹತ್ತಿದವು. ಡ್ರಿಪ್ಪು ಬದಲಾಯಿಸಲು ಬಂದ ಸಿಸ್ಟರು ಪಕ್ಕಕ್ಕೆ ಸರಿಯಿರಿ ಎಂದರು. ಅವನು ಸರಿದು ನಿಂತ, ಕೈ ಮಾತ್ರ ತೆಗೆಯಲಿಲ್ಲ.