ಮಕ್ಕಳ ಸಿರಪ್ಪಿನ ಚೀಟಿ

ಅತ್ತೆಯ ಆಪರೇಷನ್ ಆದ ಕಣ್ಣಿಗೆ ಹನಿ ಹಾಕುತ್ತಿರುವಾಗಲೇ ಫೋನ್ ಬಂತು. ಅನುವಾದದ ಕೆಲಸ ಕೊಡುವ ಏಜೆನ್ಸಿಯವನು. ಅವಳು ಒಂದು ಕೈಯಲ್ಲಿ ಸೀಸೆ ಹಿಡಿದೇ ಮಾತಾಡಿದಳು.

“ನಾಳೆರಾಯನಾ?” ಅತ್ತೆ ಕಣ್ಣು ಮುಚ್ಚಿಕೊಂಡೇ ಕೇಳಿದರು. ದುಡ್ಡು ಕೇಳಿದಾಗಲೆಲ್ಲ ನಾಳೆ ಎನ್ನುವವನಿಗೆ ಅವರೇ ಇಟ್ಟ ಹೆಸರು.

“ಮೇಡಂ, ಈ ಸಲ ಗ್ಯಾರಂಟಿ. ಮಕ್ಕಳ ಸಿರಪ್ಪಿನ ಚೀಟಿ ಸಂಜೆ ಪ್ರಿಂಟಿಗೆ ಹೋಗುತ್ತೆ. ಹೋದ ತಕ್ಷಣ ಹಳೇ ಬಾಕಿ ಎಲ್ಲಾ ಒಟ್ಟಿಗೆ ಹಾಕ್ತೀನಿ. ತಪ್ಪುಗಿಪ್ಪು ಇಲ್ಲ ತಾನೆ? ಇದ್ರೆ ಗೊತ್ತಲ್ಲ, ಬಿಲ್ಲೇ ಕ್ಯಾನ್ಸಲ್.”

“ಇಲ್ಲ,” ಎಂದಳು.

“ನಿನ್ನ ಕಿವಿ ಮೇಲೆ ಹೂ ಇಡ್ತಿದಾನೆ ಕಣೇ,” ಎಂದರು ಅತ್ತೆ. “ಅವನ ದುಡ್ಡಿಗೆ ಕಾದ್ರೆ ನನ್ನ ಇನ್ನೊಂದು ಕಣ್ಣಿನ ಆಪರೇಷನ್ ಮುಂದಿನ ಜನ್ಮಕ್ಕೇ ಸರಿ.”

ನಕ್ಕಳು. ಆದರೆ ‘ಇಲ್ಲ’ ಎಂದ ಮೇಲೆ ಮನಸ್ಸು ಯಾಕೋ ತಡೆಯಲಿಲ್ಲ. ಹೋಗಿ ಕಂಪ್ಯೂಟರಿನಲ್ಲಿ, ತಾನು ಅನುವಾದಿಸಿ ಕಳಿಸಿದ್ದ, ಸಿರಪ್ಪಿನ ಡಬ್ಬಿಯೊಳಗಿಡುವ ಆ ಚೀಟಿಯನ್ನು ತೆರೆದಳು.

ಹಿಂದೆ ಮಾಡಿದ ಅನುವಾದಗಳನ್ನು ನೆನಪಿಟ್ಟುಕೊಂಡು, ಹೋಲುವ ವಾಕ್ಯ ಬಂದಾಗ ತಾನೇ ತುಂಬಿಕೊಡುವ ಸಾಫ್ಟ್‌ವೇರ್ ಅವಳದು. ಅವಸರವಿದ್ದಾಗ ಕಣ್ಣಾಡಿಸಿ ಒಪ್ಪಿಕೊಳ್ಳುತ್ತ ಹೋಗುತ್ತಿದ್ದಳು. ಮೂಲದಲ್ಲಿ ಪುಟ್ಟ ಮಗುವಿಗೆ ಅರ್ಧ ಚಮಚ ಎಂದಿತ್ತು. ಅನುವಾದದಲ್ಲಿ ದೊಡ್ಡವರ ಸಿರಪ್ಪಿನ ಹಳೆಯ ವಾಕ್ಯ ಬಂದು ಕೂತಿತ್ತು: ಎರಡು ಚಮಚ.

ಮತ್ತೊಮ್ಮೆ ಓದಿದಳು. ಯಾರೋ ತಾಯಿ ಜ್ವರದಿಂದ ಕೆಂಡದಂತಾದ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಚೀಟಿ ಓದುತ್ತಾಳೆ. ನಂಬುತ್ತಾಳೆ. ಒಂದು ಚಮಚ ಕುಡಿಸಿ, ಉಗುಳಲು ನೋಡುವ ಮಗುವಿನ ಗಲ್ಲ ಹಿಡಿದು ಇನ್ನೊಂದನ್ನೂ ಕುಡಿಸುತ್ತಾಳೆ.

ಪ್ರಿಂಟಿಗೆ ಮೊದಲು ಇನ್ನೊಬ್ಬರು ಓದುತ್ತಾರಲ್ಲ ಎಂದುಕೊಂಡಳು. ಯಾರು? ಬರೆದವಳಿಗೇ ದುಡ್ಡು ಕೊಡದವನು ಓದುವವರಿಗೆ ಕೊಡುತ್ತಾನೆಯೇ? ಅವನಿಗೆ ಹೇಳಿದರೆ ಬಾಕಿಗೆಲ್ಲ ಎಳ್ಳುನೀರು. ಇಷ್ಟಾದರೂ ಅವನು ಚೀಟಿ ತಿದ್ದುತ್ತಾನೋ, ಬಿಲ್ ಮಾತ್ರ ಹರಿದು ಸುಮ್ಮನಾಗುತ್ತಾನೋ?

“ಯಾಕೆ, ಮುಖ ಬಿಳಚ್ಕೊಂಡಿದೆ?” ಅತ್ತೆ ಬಾಗಿಲಲ್ಲಿ ನಿಂತಿದ್ದರು. “ಮುಚ್ಚಿಡಬೇಡ. ಈಗ ಈ ಕಣ್ಣಿಗೆ ಎಲ್ಲಾ ಕಾಣುತ್ತೆ.”

“ಏನಿಲ್ಲ ಅತ್ತೆ. ಸೆಕೆ.”

“ನಾಳೆರಾಯ ಕೊಡ್ತಾನಂತಾ?”

“ನೋಡೋಣ.”

ಅತ್ತೆ ಗೋಡೆ ಹಿಡಿದುಕೊಂಡು, ಕಾಣದ ಕಣ್ಣಿನ ಕಡೆಯ ಕುರ್ಚಿಗೆ ಎಡವಿ, ಅದನ್ನು ಬೈಯುತ್ತ ಒಳಗೆ ಹೋದರು. ಅವಳು ಎದ್ದು ಹೋಗಿ ಆ ಕುರ್ಚಿಯನ್ನು ಗೋಡೆಗೆ ಸರಿಸಿ ಬಂದಳು.

ಮೂಲ ಚೀಟಿಯ ಕೆಳಗೆ ಔಷಧಿ ಕಂಪನಿಯ ನಂಬರಿತ್ತು. ಏಜೆನ್ಸಿಯನ್ನು ದಾಟಿ ನೇರ ಅಲ್ಲಿಗೆ ಫೋನ್ ಮಾಡಿದವರಿಗೆ ಮತ್ತೆ ಯಾರೂ ಕೆಲಸ ಕೊಡುವುದಿಲ್ಲ. ಅತ್ತೆಗೆ ಕೇಳಿಸದಂತೆ ಬಾಗಿಲು ಮುಂದೆ ಮಾಡಿ, ಅವಳು ಆ ನಂಬರನ್ನು ಒತ್ತತೊಡಗಿದಳು.